ಬಿಚ್ಚಬಾರದ ಗಂಟು

೧೯೬೨ನೇ ಇಸವಿ ಜನವರಿ ಹತ್ತನೇ ತಾರೀಕು, ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಯಲಹಂಕದ ಸರ್ಕಾರಿ ಡಿಸ್ಪೆನ್ಸರಿಯ ಸ್ಟೆರಿಲೈಸರಿನ ತಳ ಕಳಚಿ ಬಿತ್ತು.

ಸ್ಟೆರಿಲೈಸರು ಅಂದರೆ ದೊಡ್ಡ ಯಂತ್ರವೇನಲ್ಲ. ಮುಚ್ಚಳವಿರುವ ಉದ್ದನೆಯ ಡಬ್ಬಿ. ಅದಕ್ಕೆ ನೀರು ತುಂಬಿ, ಕತ್ತರಿ, ಚಾಕು, ಇಕ್ಕಳ, ಗಾಜಿನ ಸಿರಿಂಜು, ಸೂಜಿಗಳನ್ನು ಹಾಕಿ ಪಂಪ್ ಸ್ಟೋವಿನ ಮೇಲಿಟ್ಟು ಕುದಿಸುತ್ತಿದ್ದರು. ಆ ಕಾಲದಲ್ಲಿ ಒಂದೇ ಸೂಜಿ ಊರಿಗೆಲ್ಲ ಆಗಬೇಕಾಗಿದ್ದುದರಿಂದ ಒಬ್ಬನ ರೋಗ ಇನ್ನೊಬ್ಬನಿಗೆ ದಾಟದಂತೆ ತಡೆಯುತ್ತಿದ್ದುದು ಈ ಡಬ್ಬಿಯೊಂದೇ. ಅದರ ತಳ ಹೋದಾಗ ನೀರೆಲ್ಲ ಸ್ಟೋವಿನ ಮೇಲೆ ಸುರಿದು ಸ್ಟೋವೂ ಆರಿತು. ಎದುರಿಗೆ ನಿಂತಿದ್ದ ಕಾಂಪೌಂಡರ್ ಮುನಿವೆಂಕಟಯ್ಯನ ಮುಖವೂ ಆರಿತು.

ಯಾಕೆಂದರೆ ಅವತ್ತು ಹತ್ತು ಗಂಟೆಗೆ ಜಿಲ್ಲಾ ಆರೋಗ್ಯಾಧಿಕಾರಿ ಮುಜಫ್ಫರ್ ಸಾಹೇಬರು ತಪಾಸಣೆಗೆ ಬರುವವರಿದ್ದರು. ಹಿಂದಿನ ತಪಾಸಣೆಯಲ್ಲಿ ಅವರು ಇದೇ ಡಬ್ಬಿಯ ಮುಚ್ಚಳ ತೆಗೆದಾಗ, ಕತ್ತರಿಯ ಕೆಳಗೆ ಎರಡು ಕೋಳಿಮೊಟ್ಟೆ ಸಿಕ್ಕಿದ್ದವು.

"ಇದೇನು?" ಎಂದಿದ್ದರು ಸಾಹೇಬರು.

"ಮೊಟ್ಟೆ ಸಾರ್. ಅವೂ ಕ್ರಿಮಿರಹಿತ ಆಗಲಿ ಅಂತ," ಎಂದಿದ್ದ ಮುನಿವೆಂಕಟಯ್ಯ.

ಸಾಹೇಬರು ಬೈಯುವ ಜಾತಿಯವರಲ್ಲ. ಕುಳಿತುಕೊಳ್ಳುವ ಮುಂಚೆ ಕುರ್ಚಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುವವರು. ಆ ಮೊಟ್ಟೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು, "ಇನ್ನೊಂದು ಸಲ ತಿನ್ನೋ ಪದಾರ್ಥಾನೂ ಆಸ್ಪತ್ರೆ ಸಲಕರಣೇನೂ ಒಂದೇ ಪಾತ್ರೆಯಲ್ಲಿ ಕಂಡರೆ ನಿಮಗೆ ಪಾವಗಡ," ಎಂದಷ್ಟೇ ಹೇಳಿ ಜೀಪು ಹತ್ತಿದ್ದರು.

ಪುಟ್ಟೇನಹಳ್ಳಿಯಲ್ಲಿ ಮನೆ, ಕೊಟ್ಟಿಗೆಯಲ್ಲಿ ಹಾಲು ಕೊಡುವ ಹಸು, ಜಗಲಿಯ ಮೇಲೆ ತಾಯಿ ಇರುವ ಮನುಷ್ಯನಿಗೆ ಪಾವಗಡ ಅನ್ನುವುದು ಊರಿನ ಹೆಸರಾಗಿ ಕೇಳಿಸುವುದಿಲ್ಲ, ದೂರದ ಬರದ ಸೀಮೆಗೆ ವರ್ಗದ ಹುಕುಮಾಗಿ ಕೇಳಿಸುತ್ತದೆ. ಅದರ ಮೇಲೆ ಇನ್ನೊಂದು ವಿಷಯವಿತ್ತು. ಡಿಸ್ಪೆನ್ಸರಿಗೆ ನಿಜವಾದ ಡಾಕ್ಟರು ವಾರಕ್ಕೆ ಎರಡು ದಿನ ಮಾತ್ರ ಪೇಟೆಯಿಂದ ಬರುತ್ತಿದ್ದರು. ಉಳಿದ ದಿನಗಳಲ್ಲಿ ಯಲಹಂಕದ ಜನ ಮುನಿವೆಂಕಟಯ್ಯನನ್ನೇ "ಡಾಕ್ಟ್ರೇ" ಎನ್ನುತ್ತಿದ್ದರು. ಅವನು ಒಂದು ದಿನವೂ ತಿದ್ದಿರಲಿಲ್ಲ. ಪಾವಗಡದಲ್ಲಿ ಡಾಕ್ಟರು ದಿನಾ ಬರುತ್ತಾರೆಂದು ಅವನು ಯಾರಿಂದಲೋ ಕೇಳಿದ್ದ.

ನಾನು ಆಗ ಹೆಬ್ಬಾಳದ ಒಂದು ಪ್ರಯೋಗಶಾಲೆಯಲ್ಲಿ ಹಾಲಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಎಣಿಸುವ ಕೆಲಸದಲ್ಲಿದ್ದೆ. ಮುನಿವೆಂಕಟಯ್ಯನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪಾಠ ಹೇಳುವ ಕೆಲಸವಲ್ಲದಿದ್ದರೂ ಊರವರಿಗೆ ನಾನು ಮೇಷ್ಟ್ರು. ಅವತ್ತು ಮುನಿವೆಂಕಟಯ್ಯ ಸೈಕಲ್ಲಿನಲ್ಲಿ ಬಂದು ಇಳಿದವನೇ ಸಲಕರಣೆಗಳ ಚೀಲ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತ.

"ಮೇಷ್ಟ್ರೇ, ನಿಮ್ ಲ್ಯಾಬಲ್ಲಿ ಕ್ರಿಮೀನ ಹೆಂಗೆ ಸಾಯಿಸ್ತೀರಾ?"

"ಒತ್ತಡದ ಹಬೆಯಲ್ಲಿ. ಹದಿನೈದು ಪೌಂಡು ಒತ್ತಡ, ಇಪ್ಪತ್ತು ನಿಮಿಷ. ಸಲಕರಣೆಗಳನ್ನು ಎರಡು ಪದರ ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡ್ತೀವಿ. ಹೊರಗೆ ತೆಗೆದ ಮೇಲೆ ಉಪಯೋಗಿಸೋ ತನಕ ಬಿಚ್ಚಬಾರದು. ಬಿಚ್ಚಿದರೆ ಅಷ್ಟೂ ವ್ಯರ್ಥ."

"ಉಸಿರು?"

"ಮೇಲೆ ಬಿಡಬಾರದು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಉತ್ತಮ."

ಮುನಿವೆಂಕಟಯ್ಯ ಇದನ್ನೆಲ್ಲ ತುಟಿ ಅಲ್ಲಾಡಿಸಿಕೊಂಡು ಬಾಯಿಪಾಠ ಮಾಡಿದ. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ತನ್ನ ಅಡಿಗೆಮನೆಯ ಕಡೆ ನೋಡಿದ.

ಅಲ್ಲಿ ಪ್ರೆಷರ್ ಕುಕ್ಕರ್ ಇತ್ತು. ಅವನ ಹೆಂಡತಿ ಮುನಿಕೃಷ್ಣಮ್ಮನ ತಮ್ಮ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದು, ದೀಪಾವಳಿಗೆ ಅಕ್ಕನಿಗೆ ತಂದುಕೊಟ್ಟದ್ದು. ಪುಟ್ಟೇನಹಳ್ಳಿಗೆಲ್ಲ ಅದೊಂದೇ ಕುಕ್ಕರ್. ಹೆಂಗಸರು ಬಂದು ದೂರದಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಅದರ ಸದ್ದು ಕೇಳಿದ ದಿನದಿಂದ ಮುನಿವೆಂಕಟಯ್ಯನ ತಾಯಿ ದೊಡ್ಡಮುನಿಯಮ್ಮ ಅದನ್ನು ಕೂಗುಮಾರಿ ಎಂದು ಕರೆಯುತ್ತಿದ್ದಳು.

"ಆಸ್ಪತ್ರೆ ಇಕ್ಕಳ ನನ್ ಕುಕ್ಕರ್‌ಗಾ?" ಎಂದಳು ಮುನಿಕೃಷ್ಣಮ್ಮ. "ಯಾರ್ಯಾರ ಬಾಯೊಳಗೆ ಹೋಗ್ ಬಂದಿದ್ಯೋ!"

"ಅದಕ್ಕೇ ಕಣೇ ಬೇಯಿಸೋದು. ಬೆಂದ ಮೇಲೆ ಅದು ನಿನ್ನ ಸೌಟಿಗಿಂತ ಶುದ್ಧ."

"ನನ್ನ ಸೌಟಿಗೆ ಏನ್ ಬಂದಿದೆ?"

ಸೌಟಿನ ವಿಚಾರ ಸ್ವಲ್ಪ ಹೊತ್ತು ನಡೆಯಿತು. ಅವತ್ತು ಬಾಗಲಗುಂಟೆಯಿಂದ ಅವಳ ಅಪ್ಪ ಚಿಕ್ಕಹನುಮಯ್ಯ ಬೆಳಗಿನ ಊಟಕ್ಕೆ ಬರುವವನಿದ್ದ. ಅವನು ದೊಡ್ಡಮುನಿಯಮ್ಮನ ಒಡಹುಟ್ಟಿದ ತಮ್ಮ. ಅಂದರೆ ಮುನಿವೆಂಕಟಯ್ಯನಿಗೆ ಸೋದರಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಅವರೆಕಾಯಿಯ ಕಾಲದಲ್ಲಿ ವರ್ಷಕ್ಕೊಮ್ಮೆ ಮಗಳ ಕೈಯ ನುಚ್ಚಿನುಂಡೆ ತಿನ್ನಲು ಬರುವುದು, ತಿಂದು ಅದರಲ್ಲಿ ತಪ್ಪು ಹುಡುಕುವುದು ಅವನ ರೂಢಿ. ಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ಅವರೆಕಾಳು, ಸಬ್ಬಸಿಗೆ ಸೊಪ್ಪು, ತೆಂಗಿನತುರಿ ಕಲಸಿ ಮುನಿಕೃಷ್ಣಮ್ಮ ಆಗಲೇ ಉಂಡೆ ಕಟ್ಟಿಟ್ಟಿದ್ದಳು. ಕುಕ್ಕರ್ ಅವಳಿಗೇ ಬೇಕಾಗಿತ್ತು.

ತೀರ್ಪು ಕೊಟ್ಟವಳು ದೊಡ್ಡಮುನಿಯಮ್ಮ.

"ಬರೋ ತಿಂಗಳು ಎಂಟು ಗ್ರಹ ಒಂದ್ಕಡೆ ಸೇರಿ ಲೋಕಾನೇ ಮುಳುಗೋಯ್ತದಂತೆ. ಅದರಾಗೆ ಇಕ್ಕಳ ಬೇಯಿಸಿದ್ರೆ ಏನು, ಬುಟ್ರೆ ಏನು? ಇಕ್ಕಮ್ಮಿ ಒಲೆ ಮ್ಯಾಲೆ. ಲೋಕ ಮುಳುಗೋವರ್ಗೂ ಆದ್ರೂ ಇವ್ನು ಈ ಊರಾಗೇ ಇರ್ಲಿ."

ಆ ಜನವರಿಯಲ್ಲಿ ಅಷ್ಟಗ್ರಹ ಕೂಟದ ಮಾತಾಡದ ಮನೆ ಇರಲಿಲ್ಲ. ಅದರಿಂದಾಗಿ ಅನೇಕ ಜಗಳಗಳು ಬೇಗ ಮುಗಿಯುತ್ತಿದ್ದವು.

ಮುನಿವೆಂಕಟಯ್ಯ ಒಗೆದ ಹಳೆಯ ಪಂಚೆಯೊಂದನ್ನು ಎರಡಾಗಿ ಹರಿದು, ಒಂದು ತುಂಡಿನಲ್ಲಿ ಹಲ್ಲು ಕೀಳುವ ಇಕ್ಕಳ, ಚಾಕು, ಕತ್ತರಿ, ಚಿಮುಟ ಎಲ್ಲವನ್ನೂ ಇಟ್ಟ. "ನೀನು ಕಟ್ಟಿದ ಗಂಟು ಬಿಚ್ಚೋದಿಲ್ಲ, ನೀನೇ ಕಟ್ಟು," ಎಂದು ಹೆಂಡತಿಯ ಕೈಯಲ್ಲೇ ಕಟ್ಟಿಸಿ ಕುಕ್ಕರಿನಲ್ಲಿಟ್ಟ. ಶುದ್ಧಿಯ ಕೆಲಸಕ್ಕೆ ಶುದ್ಧವಾಗಿಯೇ ಬರಬೇಕೆಂದು ಸ್ನಾನಕ್ಕೆ ಹೋದ.

ಅವನು ಬಚ್ಚಲಿಗೆ ಹೋದಾಗ ಮುನಿಕೃಷ್ಣಮ್ಮ ಕುಕ್ಕರಿನೊಳಗೆ ನೋಡಿದಳು. ಅರ್ಧ ಖಾಲಿಯಾಗಿತ್ತು. ಎರಡೆರಡು ಸಲ ಸೀಮೆಎಣ್ಣೆ ಸುಡುವುದು ಅವಳ ಸ್ವಭಾವಕ್ಕೆ ಒಗ್ಗದ ಮಾತು. ಅವಳು ಪಂಚೆಯ ಉಳಿದರ್ಧದಲ್ಲಿ ನುಚ್ಚಿನುಂಡೆಗಳನ್ನು ಕಟ್ಟಿ, ನಡುವೆ ಒಂದು ತೂತಿನ ತಟ್ಟೆಯಿಟ್ಟು, ಅದರ ಮೇಲೆ ಕೂರಿಸಿ ಮುಚ್ಚಳ ಹಾಕಿದಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವನು ವಿಜ್ಞಾನ ಮಾತಾಡುತ್ತಾನೆಂದು ಅವಳಿಗೆ ಗೊತ್ತಿತ್ತು.

ಇಪ್ಪತ್ತು ನಿಮಿಷವನ್ನು ಮುನಿವೆಂಕಟಯ್ಯ ನನ್ನ ಕೈಗಡಿಯಾರ ನೋಡಿ ಎಣಿಸಿದ. ಕುಕ್ಕರು ತಣಿದ ಮೇಲೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಬೇರೆಯಾಗಿ ಕುದಿಸಿದ ಇನ್ನೊಂದು ಚಿಮುಟದಿಂದ ಮೇಲಿದ್ದ ಗಂಟನ್ನೆತ್ತಿ, ಚಿಮುಟದ ಸಮೇತ ಎನಾಮೆಲ್ ತಟ್ಟೆಯಲ್ಲಿಟ್ಟು ಮೇಲೊಂದು ಬಟ್ಟೆ ಮುಚ್ಚಿದ. ಕೆಳಗೆ ಇನ್ನೊಂದು ಗಂಟು ಇರಬಹುದೆಂದು ಅನುಮಾನಿಸಲು ಅವನಿಗೆ ಕಾರಣವಿರಲಿಲ್ಲ. ಸ್ವಲ್ಪ ಸಬ್ಬಸಿಗೆಯ ವಾಸನೆ ಬಂತು. ಅಡಿಗೆಮನೆಯಲ್ಲಿ ಸಬ್ಬಸಿಗೆಯ ವಾಸನೆ ಬರುವುದು ಸಹಜ. ಬಿಚ್ಚಿ ನೋಡುವ ಪ್ರಶ್ನೆಯಂತೂ ಇರಲೇ ಇಲ್ಲ. ಬಿಚ್ಚಿದರೆ ಅಷ್ಟೂ ವ್ಯರ್ಥ.

ಕೊಟ್ಟಿಗೆಯಿಂದ ಬಂದ ಮುನಿಕೃಷ್ಣಮ್ಮ ಕುಕ್ಕರಿನಲ್ಲಿ ಒಂದು ಗಂಟು ಉಳಿದಿರುವುದನ್ನು ಕಂಡಳು. ಅವನದನ್ನು ಅವನು ಒಯ್ದಿದ್ದಾನೆ, ಉಳಿದದ್ದು ತನ್ನದು. ಇದರಲ್ಲಿ ತರ್ಕದ ದೋಷವೇನೂ ಇಲ್ಲ. ಬಿಚ್ಚಲು ಕೈ ಹಾಕಿದಳು.

"ಬಿಚ್ಚಬೇಡ ಕಣಮ್ಮಿ, ಆರೋಯ್ತದೆ," ಎಂದಳು ದೊಡ್ಡಮುನಿಯಮ್ಮ. "ನಿಮ್ಮಪ್ಪ ಎಲೆ ಮುಂದೆ ಕುಂತ ಮ್ಯಾಲೆ ಬಿಚ್ಚು. ಬಿಸಿ ಇರ್ಬೇಕು ಅವನಿಗೆ."

ಹೀಗೆ ಎರಡು ಗಂಟುಗಳೂ, ಬೇರೆ ಬೇರೆ ಶಾಸ್ತ್ರಗಳ ಪ್ರಕಾರ, ಬಿಚ್ಚದೆ ಉಳಿದವು.

ಪುಟ್ಟೇನಹಳ್ಳಿಯ ಕೆರೆ ಏರಿಯ ಮೇಲೆ ನಾವು ಯಲಹಂಕದ ಕಡೆ ಹೊರಟೆವು. ನಾನು ಹೆಬ್ಬಾಳದ ಬಸ್ಸಿಗೆ. ಹೆಗಲಲ್ಲಿ ಹಾಲಿನ ಮಾದರಿ ತುಂಬುವ ಶುದ್ಧ ಸೀಸೆಗಳ ಚೀಲ. ಮುನಿವೆಂಕಟಯ್ಯ ಮುಂದೆ. ಸೈಕಲ್ಲಿನಲ್ಲಿ ತಟ್ಟೆ ಅಲ್ಲಾಡುತ್ತದೆಂದು ನಡೆದೇ ಹೊರಟಿದ್ದ. ಚಪ್ಪಲಿ ಧೂಳೆಬ್ಬಿಸುತ್ತದೆಂದು ಬರಿಗಾಲು. ಒದ್ದೆ ತಲೆ, ಮಡಿ ಪಂಚೆ, ಬಾಯಿಗೆ ಬಿಳಿ ಬಟ್ಟೆ, ಎದೆಯೆತ್ತರಕ್ಕೆ ಎರಡೂ ಕೈಯಲ್ಲಿ ಹಿಡಿದ ಮುಚ್ಚಿದ ತಟ್ಟೆ.

ನಮ್ಮ ಕಡೆ ಮೀಸಲು ಅಂತ ಒಂದಿದೆ. ದೇವರಿಗೆ ಹರಕೆ ಹೊತ್ತವರು ಅಡಿಗೆ ಮಾಡಿ, ಯಾರೂ ಮುಟ್ಟದಂತೆ, ಮೂಸದಂತೆ, ಉಸಿರೂ ತಾಗದಂತೆ ಬಾಯಿಗೆ ಬಟ್ಟೆ ಕಟ್ಟಿ, ಬರಿಗಾಲಲ್ಲಿ, ಮಾತಾಡದೆ ಒಯ್ದು ಒಪ್ಪಿಸುವ ಎಡೆ. ಅದನ್ನು ಒಯ್ಯುವವನನ್ನು ಎಲ್ಲಿಗೆ, ಯಾಕೆ ಎಂದು ಕೇಳಬಾರದು.

ಏರಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದ ಮುನಿಶಾಮಮ್ಮ ತಲೆಯೆತ್ತಿ ನೋಡಿದಳು. ಕೇಳಬಾರದೆಂದು ಕೇಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೆ ಬಂದು ಕೈಮುಗಿದಳು. ಅವಳು ಹತ್ತಿರ ಬರದಿರಲೆಂದು ಮುನಿವೆಂಕಟಯ್ಯ ಕತ್ತನ್ನು ಹಿಂದಕ್ಕೆ ಎರಡು ಸಲ ಬೀಸಿದ. ಹಿಂದೆ ಬನ್ನಿ ಎಂದು ಅವಳಿಗೆ ಅರ್ಥವಾಯಿತು.

"ಡಾಕ್ಟ್ರೇ ಮೀಸಲು ಎತ್ತವ್ರೆ ಕಣ್ರಮ್ಮೋ!" ಎಂದು ಅವಳು ಉಳಿದವರನ್ನು ಕೂಗಿದಳು. "ಗ್ರಹಕೂಟಕ್ಕೆ ಶಾಂತಿ ಇರ್ಬೇಕು. ಇಂಗ್ಲೀಸು ಔಸ್ತಿ ಕೊಡೋರೇ ಮೀಸಲು ಹೊತ್ರೆ ಇನ್ನು ನಮ್ದೇನು?"

ಅಲ್ಲಿಂದ ಯಲಹಂಕಕ್ಕೆ ಬರುವಷ್ಟರಲ್ಲಿ ಹಿಂದೆ ಒಂದು ಮದುವೆ ದಿಬ್ಬಣದಷ್ಟು ಜನ ಸೇರಿದ್ದರು. ಯಾರೋ ತಟ್ಟೆಯ ಅಂಚಿಗೆ ಸೇವಂತಿಗೆ ಹೂ ಸಿಕ್ಕಿಸಿದರು. ತಮಟೆಯೊಂದು ಎಲ್ಲಿಂದಲೋ ಬಂತು. ಮುನಿವೆಂಕಟಯ್ಯ ಬಟ್ಟೆಯೊಳಗಿಂದ "ಹ್ಞೂಂ! ಹ್ಞೂಂ!" ಎಂದು ಗದರಿಸುತ್ತಿದ್ದ. ಮೈಮೇಲೆ ಬರುತ್ತಿದೆ ಎಂದು ಹೆಂಗಸರು ಇನ್ನಷ್ಟು ಹತ್ತಿರ ಬಂದರು.

ನಾನು ಪಕ್ಕದಲ್ಲಿದ್ದ ಮುದುಕನಿಗೆ ವಿವರಿಸಲು ಪ್ರಯತ್ನಿಸಿದೆ. "ಅಜ್ಜ, ಅದು ಮೀಸಲಲ್ಲ. ಅದರೊಳಗಿರೋದು ಕಬ್ಬಿಣದ ಇಕ್ಕಳ."

"ಷ್! ಮೀಸಲು ಓಗೋವಾಗ ಕಬ್ಬಿಣದ ಎಸರು ಎತ್ಬಾರ್ದು ಮೇಷ್ಟ್ರೇ. ಓದ್ದೋರು ನೀವು."

ಒಂದು ಕಂದು ನಾಯಿಯೂ ಪುಟ್ಟೇನಹಳ್ಳಿಯಿಂದಲೇ, ತಟ್ಟೆಯ ಮೇಲಿಟ್ಟ ಕಣ್ಣು ತೆಗೆಯದೆ, ಹಿಂಬಾಲಿಸಿತ್ತು. ಆ ಮೆರವಣಿಗೆಯಲ್ಲಿ ಗಂಟಿನೊಳಗೆ ಏನಿದೆಯೆಂದು ಸರಿಯಾಗಿ ತಿಳಿದಿದ್ದುದು ಅದೊಂದಕ್ಕೇ.

ಡಿಸ್ಪೆನ್ಸರಿಯ ಮುಂದೆ ಜೀಪು ನಿಂತಿತ್ತು. ಮುಜಫ್ಫರ್ ಸಾಹೇಬರು ವರಾಂಡದಲ್ಲಿ ಒರೆಸಿದ ಕುರ್ಚಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಡಿಸ್ಪೆನ್ಸರಿಯ ಸೂಲಗಿತ್ತಿ ಕುಬ್ರಾಬಿ, ತಳವಿಲ್ಲದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಅದರೊಳಗಿಂದ ರಸ್ತೆಯನ್ನು ನೋಡುತ್ತಿದ್ದಳು.

"ಬಂದ್ರು ಸಾಬ್," ಎಂದಳು. "ತಮಟೆ ಹೊಡ್ಕೊಂಡೇ ಬಂದ್ರು."

ಸಾಹೇಬರು ಜನರನ್ನು ನೋಡಿದರು, ಸೇವಂತಿಗೆಯನ್ನು ನೋಡಿದರು, ತಟ್ಟೆಯನ್ನು ನೋಡಿದರು. "ಸ್ಟೆರಿಲೈಸರ್ ಕೆಟ್ಟಿದೆ ಅಂತ ಈಯಮ್ಮ ಹೇಳಿದ್ರು. ಸಲಕರಣೆ ಹೇಗೆ ಶುದ್ಧ ಮಾಡಿದ್ರಿ?"

ಮುನಿವೆಂಕಟಯ್ಯ ಬಟ್ಟೆ ಕೆಳಗಿಳಿಸಿ, ಮಗ್ಗಿ ಒಪ್ಪಿಸುವವನಂತೆ ನಿಂತ. "ಒತ್ತಡದ ಹಬೆ ಸಾರ್. ಹದಿನೈದು ಪೌಂಡು. ಇಪ್ಪತ್ತು ನಿಮಿಷ. ಎರಡು ಪದರ ಬಟ್ಟೆ."

ಸಾಹೇಬರು ಎದ್ದು ನಿಂತರು. ಜಿಲ್ಲೆಯ ಯಾವ ಕಾಂಪೌಂಡರೂ ಅವರ ಮುಂದೆ ಪೌಂಡಿನ ಮಾತಾಡಿರಲಿಲ್ಲ.

"ಬಿಚ್ಚಿ ನೋಡೋಣ."

"ಬಿಚ್ಚೋ ಹಾಗಿಲ್ಲ ಸಾರ್. ಬಿಚ್ಚಿದರೆ ಅಷ್ಟೂ ವ್ಯರ್ಥ. ಮೊದಲು ರೋಗಿ ಬೇಕು."

ಸಾಹೇಬರ ಮುಖದಲ್ಲಿ, ಕುಬ್ರಾಬಿ ಆಮೇಲೆ ಆಣೆ ಮಾಡಿ ಹೇಳಿದಂತೆ, ನಗುವಿನ ಹಾಗೆ ಏನೋ ಹಾದುಹೋಯಿತು. "ಕರೆಕ್ಟ್," ಎಂದರು. "ನೂರಕ್ಕೆ ನೂರು ಕರೆಕ್ಟ್. ರೋಗಿ ಯಾರಿದ್ದಾರೆ?"

ಜಟಕಾ ಹೊಡೆಯುವ ಗಯಾಸನಿಗೆ ಹೆಗಲ ಮೇಲೆ ನಿಂಬೆಹಣ್ಣಿನ ಗಾತ್ರದ ಕುರು ಎದ್ದು ವಾರವಾಗಿತ್ತು. ಅವನು ಬಂದದ್ದು ತಮಟೆ ಕೇಳಿ. ಕುಬ್ರಾಬಿ ಅವನ ಅಂಗಿಯ ಕಾಲರು ಹಿಡಿದು ಒಳಗೆಳೆದು ಮೇಜಿನ ಮೇಲೆ ಬೋರಲು ಮಲಗಿಸಿದಳು.

"ಖಾಲಾ, ಬೇಡ ಖಾಲಾ. ಕುದುರೆ ಹೊರಗೆ ಒಂದೇ ನಿಂತದೆ."

"ಕುದುರೆಗೆ ನಿನಗಿಂತ ಧೈರ್ಯ ಇದೆ. ಸುಮ್ನೆ ಮಲಕೋ."

ತಾವೇ ಕುಯ್ಯುವುದಾಗಿ ಹೇಳಿದರು ಸಾಹೇಬರು. ತೋಳು ಮಡಚಿ, ಸೋಪು ಹಾಕಿ, ಬೆರಳ ಸಂದು ಸಂದಿಗೂ ಉಜ್ಜಿ ಕೈ ತೊಳೆದರು. ಸ್ಪಿರಿಟ್ಟಿನಲ್ಲಿ ಒರೆಸಿದರು. ಎರಡೂ ಕೈಯನ್ನು ಮೇಲಕ್ಕೆ ಹಿಡಿದು ನಿಂತು, "ಈಗ," ಎಂದರು. ಕಿಟಕಿಗಳಲ್ಲೆಲ್ಲ ಜನರ ತಲೆ. ಬಸ್ಸು ಬಿಟ್ಟು ನಾನೂ ಬಾಗಿಲೊಳಗೆ ನಿಂತಿದ್ದೆ. ಕುದಿಸಿದ ಚಿಮುಟದಿಂದ ಮುನಿವೆಂಕಟಯ್ಯ ಗಂಟಿನ ಒಂದು ತುದಿ ಎಳೆದ. ಇನ್ನೊಂದು ತುದಿ ಎಳೆದ. ಬಟ್ಟೆ ನಾಲ್ಕು ಕಡೆಗೆ ಬಿಡಿಸಿಕೊಂಡಿತು.

ಆರು ನುಚ್ಚಿನುಂಡೆಗಳು. ಒಂದೇ ಅಳತೆಯವು. ಹಬೆಯಾಡುತ್ತಿದ್ದವು.

ಹೊರಗೆ ನಾಯಿ ಒಮ್ಮೆ ಬೊಗಳಿತು.

"ಮುನಿವೆಂಕಟಯ್ಯ," ಎಂದರು ಸಾಹೇಬರು, ಕೈ ಮೇಲೆತ್ತಿಕೊಂಡೇ. "ಇದರಲ್ಲಿ ಚಾಕು ಯಾವುದು?"

ಮುನಿವೆಂಕಟಯ್ಯ ಉಂಡೆಗಳನ್ನು ಒಂದೊಂದಾಗಿ ನೋಡಿದ. ಅವುಗಳಲ್ಲಿ ಯಾವುದಾದರೂ ಒಂದು ಚಾಕು ಆಗಲಿ ಎಂಬ ಪ್ರಾರ್ಥನೆ ಅವನ ಮುಖದಲ್ಲಿ ಕಾಣುತ್ತಿತ್ತು.

ಗಯಾಸ್ ತಲೆಯೆತ್ತಿ ತಟ್ಟೆ ನೋಡಿದ. "ಸಾಹೇಬ್ರೇ, ಇದ್ರಲ್ಲೇ ಕುಯ್ಯೋದಾದ್ರೆ ನಾನು ರೆಡಿ."

ಇತ್ತ ಅಷ್ಟರಲ್ಲಾಗಲೇ ಮನೆಯಲ್ಲಿ ನಡೆದದ್ದನ್ನು ಅಲ್ಲಿದ್ದ ಮೂವರೂ ಮೂರು ಬಗೆಯಲ್ಲಿ ಹೇಳಿದ್ದಾರೆ. ಮೂರರಲ್ಲೂ ಸಾಮಾನ್ಯವಾಗಿರುವುದು ಇಷ್ಟು. ಚಿಕ್ಕಹನುಮಯ್ಯ ಎಲೆಯ ಮುಂದೆ ಕುಳಿತ. ಅವನಿಗೆ ಎರಡು ವರ್ಷದಿಂದ ಒಂದು ದವಡೆಹಲ್ಲು ಅಲ್ಲಾಡುತ್ತ ಕಾಡುತ್ತಿತ್ತು. ಕೀಳಿಸು ಮಾವ ಎಂದು ಅಳಿಯ, ಕೀಳಿಸಪ್ಪ ಎಂದು ಮಗಳು ಹೇಳಿ ಸೋತಿದ್ದರು. ಮೊದಲ ತುತ್ತನ್ನು ಕಣ್ಣು ಮುಚ್ಚಿ ಗಂಗಮ್ಮನ ಹೆಸರು ಹೇಳಿ ಬಾಯಿಗಿಡುವುದು ಅವನ ಪದ್ಧತಿ. ಆ ಅಡಿಗೆಮನೆಗೆ ಕಿಟಕಿಯಿಲ್ಲ. ಮುನಿಕೃಷ್ಣಮ್ಮ ಗಂಟು ಬಿಚ್ಚಿ ಎಲೆಗೆ ಸುರಿದಳು. ದೊಡ್ಡಮುನಿಯಮ್ಮ ಅದೇ ಗಳಿಗೆಯಲ್ಲಿ, ತಮ್ಮನೆಂಬ ಅಕ್ಕರೆಯಿಂದ, ಅದರ ಮೇಲೆ ತುಪ್ಪ ಹೊಯ್ದಳು. ಚಿಕ್ಕಹನುಮಯ್ಯ ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನೆತ್ತಿ ಬಲವಾಗಿ ಕಚ್ಚಿದ.

ಡಿಸ್ಪೆನ್ಸರಿಯ ಹೊರಗೆ ಗದ್ದಲವೆದ್ದಿತು. ಜನರನ್ನು ತಳ್ಳಿಕೊಂಡು ಒಳಗೆ ಬಂದವನು ಚಿಕ್ಕಹನುಮಯ್ಯನೇ. ಒಂದು ಕೈಯಲ್ಲಿ ತುಪ್ಪ ತೊಟ್ಟಿಕ್ಕುವ ಹಲ್ಲಿನ ಇಕ್ಕಳ, ಇನ್ನೊಂದು ಕೈಯಲ್ಲಿ ಒಂದು ಹಲ್ಲು. ಹಿಂದೆ ಗಂಟು ಹಿಡಿದ ಮುನಿಕೃಷ್ಣಮ್ಮ, ಅವಳ ಹಿಂದೆ ಏದುಸಿರು ಬಿಡುತ್ತ ದೊಡ್ಡಮುನಿಯಮ್ಮ.

"ನೋಡಿ ಸ್ವಾಮಿ!" ಎಂದ ಅವನು, ಕೈ ಮೇಲೆತ್ತಿ ನಿಂತಿದ್ದವರೇ ಇಲ್ಲಿಗೆ ದೊಡ್ಡವರೆಂದು ಊಹಿಸಿ. "ಊಟಕ್ಕೆ ಬಾ ಅಂತ ಕರ್ದು, ಎಲೆ ಮ್ಯಾಲೆ ಇಕ್ಕಳ ಬಡಿಸವ್ರೆ. ತುಪ್ಪ ಬ್ಯಾರೆ! ಅಳಿಯ, ಮಗಳು, ಒಡಹುಟ್ಟಿದ ಅಕ್ಕ, ಮೂವರೂ ಸೇರಿ ಸಂಚು ಮಾಡವ್ರೆ."

"ಕೈಯಲ್ಲಿ ಹಿಡಿದಾಗಲೇ ಗೊತ್ತಾಗಲಿಲ್ವಾ?" ಎಂದರು ಸಾಹೇಬರು.

"ಗಟ್ಟಿ ಇತ್ತು ಸ್ವಾಮಿ. ಆದ್ರೆ ನನ್ ಮಗಳು ಮಾಡೋ ನುಚ್ಚಿನುಂಡೆ ಯಾವತ್ತೂ ಗಟ್ಟೀನೇ."

"ಅಪ್ಪಾ!" ಎಂದಳು ಮುನಿಕೃಷ್ಣಮ್ಮ. ಅಲ್ಲಿಯವರೆಗೆ ಅಳುವ ಹಾಗಿದ್ದವಳು ಸೆರಗು ಸಿಕ್ಕಿಸಿಕೊಂಡಳು. "ಹಲ್ಲು ಹೋಗಿದ್ದು ನಿನಗೆ. ಮಾನ ಹೋಗೋದು ನನಗಾ? ಅಲ್ಲಿ ತಟ್ಟೇಲಿ ಇದೆ ನೋಡು ನನ್ನ ಉಂಡೆ. ಯಾರ್ ಬೇಕಾದ್ರೂ ಮುರೀಲಿ, ಹತ್ತಿ ಹಂಗಿದೆ!"

ಸಾಹೇಬರು ಕೈ ತಾಗಿಸದೆ ಚಿಕ್ಕಹನುಮಯ್ಯನ ಬಾಯಿ ತೆರೆಸಿ ಇಣುಕಿದರು. "ರಕ್ತ ನಿಂತಿದೆ. ಬೇರು ಸಮೇತ ಬಂದಿದೆ. ನೋವು?"

ಚಿಕ್ಕಹನುಮಯ್ಯ ನಾಲಗೆಯಿಂದ ಮುಟ್ಟಿ ನೋಡಿಕೊಂಡ. ಈ ಪ್ರಶ್ನೆಯನ್ನು ಅವನು ತನಗೇ ಕೇಳಿಕೊಂಡಿರಲಿಲ್ಲ. "ಇಲ್ಲ," ಎಂದ, ಮೋಸ ಹೋದವನ ದನಿಯಲ್ಲಿ.

ಆದರೆ ಪಾವಗಡ ಹಾಗೆಯೇ ಇತ್ತು. ಸಾಹೇಬರು ಒಂದು ಕಡೆ ಉಂಡೆ, ಇನ್ನೊಂದು ಕಡೆ ಇಕ್ಕಳ ನೋಡಿ, "ಒಂದೇ ಪಾತ್ರೆಯಲ್ಲಿ," ಎಂದರು. "ಮೊಟ್ಟೆ ಆದಮೇಲೆ ಇದು."

ಮುನಿವೆಂಕಟಯ್ಯ ಬಾಯಿಯ ಬಟ್ಟೆಯನ್ನು ಮತ್ತೆ ಮೇಲಕ್ಕೆಳೆದುಕೊಂಡ. ದೊಡ್ಡಮುನಿಯಮ್ಮ ನೆಲದ ಮೇಲೆ ಕುಳಿತುಬಿಟ್ಟಳು. "ಹಸಾನ ಯಾರಿಗೆ ಕೊಡಾನ, ಯೋಳಪ್ಪ," ಎಂದಳು ಮಗನಿಗೆ.

ಅಷ್ಟರಲ್ಲಿ ಕಿಟಕಿಯಿಂದ ಮುನಿಶಾಮಮ್ಮನ ಕೂಗು ಬಂತು. "ಮೀಸಲು ಒಪ್ಪಿಸಿದ್ದಾಯ್ತಾ? ಅಂಗಾರೆ ಪರಸಾದ ಕೊಡ್ರಪ್ಪಾ! ಬಿಚ್ಚಿದ ಮೀಸಲು ಆರೋಕೆ ಬುಡಬಾರ್ದು!"

ಬಿಚ್ಚಿದ ಮೀಸಲನ್ನು ಹಂಚದೆ ಇಟ್ಟುಕೊಂಡರೆ ಊರಿಗೆ ಕೇಡು. ಗ್ರಹಕೂಟ ಎದುರಿಗಿರುವಾಗ ಆ ಧೈರ್ಯ ಯಾರಿಗೂ ಇರಲಿಲ್ಲ. ಬಾಗಿಲು ತಳ್ಳಿ ಜನ ಒಳಗೆ ಬಂದೇಬಿಟ್ಟರು. "ಅದು ಸಾಕ್ಷ್ಯ! ಯಾರೂ ಮುಟ್ಟಬೇಡಿ!" ಎಂದರು ಸಾಹೇಬರು. ಮುಟ್ಟಬಾರದ್ದು ಎಂದು ಇಷ್ಟು ಹೊತ್ತೂ ನಂಬಿಕೊಂಡೇ ಬಂದಿದ್ದ ಜನ ಅದನ್ನು ಒಪ್ಪಿ, ಮುಟ್ಟದೆ ಕೈಯೊಡ್ಡಿ ನಿಂತರು. ಕುಬ್ರಾಬಿ ಕುದಿಸಿದ ಚಿಮುಟದಿಂದ ಚೂರು ಚೂರು ಹಾಕತೊಡಗಿದಳು. ಗಯಾಸ್ ಮೇಜಿನ ಮೇಲಿಂದಲೇ ಎರಡು ಸಲ ಕೈ ನೀಡಿದ. ಚಿಕ್ಕಹನುಮಯ್ಯನೂ ಒಂದು ಚೂರು ತಿಂದು, ಮಗಳ ಕಡೆ ನೋಡದೆ, "ಈ ವರ್ಷ ಮೆತ್ತಗವೆ," ಎಂದ.

ಕೊನೆಯ ಉಂಡೆ ಉಳಿದಾಗ ಸಾಹೇಬರು ಚಿಮುಟ ಕಸಿದುಕೊಂಡರು. ನನ್ನ ಚೀಲದಿಂದ ಇಣುಕುತ್ತಿದ್ದ ಸೀಸೆಗಳನ್ನು ನೋಡಿದರು.

"ನೀವು ಯಾರು?"

ಹೇಳಿದೆ.

"ಸೀಸೆ ಶುದ್ಧವಾ?"

"ಹದಿನೈದು ಪೌಂಡು, ಇಪ್ಪತ್ತು ನಿಮಿಷ," ಎಂದೆ.

ಅವರು ಉಂಡೆಯ ನಡುಭಾಗದಿಂದ ಒಂದು ಚೂರನ್ನು ಚಿಮುಟದಿಂದಲೇ ಕಿತ್ತು, ನಾನು ತೆರೆದು ಹಿಡಿದ ಸೀಸೆಗೆ ಹಾಕಿ ಮುಚ್ಚಿಸಿದರು. ಆಮೇಲೆ ಮುನಿವೆಂಕಟಯ್ಯನ ಕಡೆ ತಿರುಗಿದರು. "ನಾನು ಅನ್ಯಾಯ ಮಾಡೋನಲ್ಲ. ಮೊಟ್ಟೆ ಕುದಿಸಿದ್ದು ಹೊಟ್ಟೆಗೆ. ಇದು ತಿನ್ನೋಕೆ ತಂದದ್ದಲ್ಲ, ಗಂಟು ತಪ್ಪಿದ್ದು. ಇವರು ಪರೀಕ್ಷೆ ಮಾಡ್ತಾರೆ. ಈ ಚೂರಿನಲ್ಲಿ ಒಂದೇ ಒಂದು ಕ್ರಿಮಿ ಬೆಳೆದರೂ ನೀವು ಪಾವಗಡಕ್ಕೆ. ಬೆಳೀಲಿಲ್ಲ ಅಂದ್ರೆ ನಿಮ್ಮ ವಿಧಾನ ಸರಿ. ಯಾವ ಗಂಟಲ್ಲಿ ಏನಿತ್ತು ಅನ್ನೋದು ನಿಮ್ಮ ಸಂಸಾರದ ವಿಷಯ, ಇಲಾಖೆಗೆ ಸಂಬಂಧ ಇಲ್ಲ."

ನಾನು ಹೊರಡುವಾಗ ಮತ್ತೆ ಕರೆದರು. "ಪರೀಕ್ಷೆ ಅಂದ ಮೇಲೆ ಹೋಲಿಕೆಗೆ ಇನ್ನೊಂದು ಬೇಕು. ಶುದ್ಧ ಅಂತ ಸಂಶಯವೇ ಇಲ್ಲದ ಒಂದು ವಸ್ತು." ಸುತ್ತ ನೋಡಿದರು. ಅಂಥದ್ದು ಆ ಕೋಣೆಯಲ್ಲಿ ಒಂದೇ ಇತ್ತು. ಅಷ್ಟು ಹೊತ್ತೂ ಚಿಮುಟವೊಂದನ್ನು ಬಿಟ್ಟು ಏನನ್ನೂ ಮುಟ್ಟದೆ ಮೇಲೆತ್ತಿ ಹಿಡಿದಿದ್ದ ಬಲಗೈಯನ್ನು ನನ್ನ ಮುಂದೆ ಚಾಚಿದರು. "ತಗೊಳ್ಳಿ."

ಶುದ್ಧ ಹತ್ತಿಯಿಂದ ಅವರ ಅಂಗೈ ಒರೆಸಿ ಇನ್ನೊಂದು ಸೀಸೆಗೆ ಹಾಕಿಕೊಂಡೆ.

ಮೂರು ದಿನ ಕಾಯಬೇಕಾಯಿತು. ಮಾದರಿಯನ್ನು ಅಗರ್ ತಟ್ಟೆಯ ಮೇಲೆ ಹರಡಿ, ಮೈಯ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿಟ್ಟರೆ, ಜೀವಂತ ಕ್ರಿಮಿಯಿದ್ದಲ್ಲಿ ಒಂದೊಂದೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಚುಕ್ಕೆ ಎಣಿಸಿದರಾಯಿತು. ಇದನ್ನು ಮುನಿವೆಂಕಟಯ್ಯನಿಗೆ ಹೇಳಿದೆ. ಅವನು ಪ್ರತಿ ಬೆಳಿಗ್ಗೆ, ಪ್ರತಿ ಸಂಜೆ ನನ್ನ ಬಾಗಿಲಿಗೆ ಬಂದು, "ಮೊಳೆತವಾ?" ಎಂದು ಕೇಳುತ್ತಿದ್ದ. ಎರಡನೆಯ ದಿನದಿಂದ ಪುಟ್ಟೇನಹಳ್ಳಿಯವರೆಲ್ಲ ಕೇಳತೊಡಗಿದರು. ನುಚ್ಚಿನುಂಡೆ ಮೊಳೆತರೆ ಡಾಕ್ಟರು ಊರು ಬಿಡಬೇಕಂತೆ ಎಂದು ಸುದ್ದಿ ಹಬ್ಬಿತು. ಬೆಂದ ಬೇಳೆ ಮೊಳೆಯುವುದಿಲ್ಲವೆಂದು ಮುನಿಶಾಮಮ್ಮ ಧೈರ್ಯ ಹೇಳಿ ಹೋದಳು. ದೊಡ್ಡಮುನಿಯಮ್ಮ ಹಸುವಿನ ಕೊರಳಿಗೆ ಹೊಸ ಹಗ್ಗ ಹಾಕಲಿಲ್ಲ. ಮಾರಿದರೆ ಅದು ಎಲ್ಲಿಗೆ ಹೋಗುತ್ತದೋ ಎಂದಳು. ಚಿಕ್ಕಹನುಮಯ್ಯ ಬಾಗಲಗುಂಟೆಗೆ ಹಿಂದಿರುಗದೆ ಅಲ್ಲೇ ಉಳಿದು, ದವಡೆಯ ಖಾಲಿ ಜಾಗವನ್ನು ಬಂದವರಿಗೆಲ್ಲ ತೋರಿಸುತ್ತ, "ನನ್ ಅಳಿಯಂದು. ನೋವೇ ಇಲ್ಲ. ತುಪ್ಪ ಆಕಿ ಕೀಳ್ತಾನೆ," ಎನ್ನುತ್ತಿದ್ದ. ಶುಕ್ರವಾರದ ಹೊತ್ತಿಗೆ ತುಪ್ಪ ಹಿಡಿದುಕೊಂಡೇ ಬಂದ ಇಬ್ಬರನ್ನು ಕುಬ್ರಾಬಿ ಡಿಸ್ಪೆನ್ಸರಿಯಿಂದ ವಾಪಸು ಕಳಿಸಿದ್ದಳು.

ಶನಿವಾರ ಸಾಹೇಬರೇ ಹೆಬ್ಬಾಳಕ್ಕೆ ಬಂದರು. ಮುನಿವೆಂಕಟಯ್ಯ ಮುಂಜಾನೆಯಿಂದ ಪ್ರಯೋಗಶಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಇಬ್ಬರ ಮುಂದೆಯೂ ಮೊದಲ ತಟ್ಟೆಯನ್ನು ಬೆಳಕಿಗೆ ಹಿಡಿದೆ. ನುಣ್ಣಗೆ, ತೊಳೆದ ಆಕಾಶದಂತಿತ್ತು.

"ನುಚ್ಚಿನುಂಡೆ," ಎಂದೆ. "ಸೊನ್ನೆ."

ಮುನಿವೆಂಕಟಯ್ಯ ತಟ್ಟೆಗೆ ಕೈಮುಗಿದ. ಸಾಹೇಬರು ತಲೆಯಾಡಿಸಿದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. "ವಿಧಾನ ಸರಿ. ನೀವು ಯಲಹಂಕದಲ್ಲೇ ಇರಿ," ಎಂದರು. "ಹೋಲಿಕೆಯ ತಟ್ಟೆ ಎಲ್ಲಿ?"

ನಾನು ಅದನ್ನು ಬೆಂಚಿನ ಹಿಂದಕ್ಕೆ ಸರಿಸಿಟ್ಟಿದ್ದೆ. "ಅದು ಅಂಥ ಮುಖ್ಯವಲ್ಲ ಸಾರ್."

"ವಿಜ್ಞಾನದಲ್ಲಿ ದಾಕ್ಷಿಣ್ಯ ಬೇಡ. ಕೊಡಿ."

ಕೊಟ್ಟೆ. ಅವರು ಕನ್ನಡಕ ಒರೆಸಿಕೊಂಡು, ಪೆನ್ಸಿಲ್ ತುದಿಯಿಂದ ಚುಕ್ಕೆ ಚುಕ್ಕೆಯನ್ನೂ ಮುಟ್ಟುತ್ತ ತಾವೇ ಎಣಿಸಿದರು. ಮುಗಿದ ಮೇಲೆ ಇನ್ನೊಮ್ಮೆ ಎಣಿಸಿದರು. ಆಮೇಲೆ ನಲ್ಲಿಯ ಹತ್ತಿರ ಹೋಗಿ ತುಂಬ ಹೊತ್ತು ಕೈ ತೊಳೆದುಕೊಂಡರು.

ಫೆಬ್ರವರಿಯಲ್ಲಿ ಎಂಟು ಗ್ರಹಗಳು ಸೇರಿ ಚದುರಿದವು. ಲೋಕ ಮುಳುಗಲಿಲ್ಲ, ಅದರ ಶ್ರೇಯಸ್ಸು ಪುಟ್ಟೇನಹಳ್ಳಿಯಲ್ಲಿ ಇವತ್ತಿಗೂ ಮುನಿವೆಂಕಟಯ್ಯನ ಮೀಸಲಿಗೆ ಸಲ್ಲುತ್ತದೆ. ಮಾರ್ಚಿನಲ್ಲಿ ಡಿಸ್ಪೆನ್ಸರಿಗೆ ಹೊಸ ಸ್ಟೆರಿಲೈಸರು ಬಂತು, ಜೊತೆಗೆ ಸಾಹೇಬರ ಅಪ್ಪಣೆಯೊಂದು ಬಂತು: ಜಿಲ್ಲೆಯ ಸಿಬ್ಬಂದಿ, ಅಧಿಕಾರಿಗಳು ಸೇರಿದಂತೆ, ಕೈಯನ್ನು ಎರಡು ಸಲ ತೊಳೆಯತಕ್ಕದ್ದು. ಯಾಕೆ ಎರಡು ಸಲ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ಎರಡನೆಯ ತಟ್ಟೆಯ ಲೆಕ್ಕ ಹೀಗಿತ್ತು. ಸಾಹೇಬರ ಬಲ ಅಂಗೈ, ಸೋಪಿನಲ್ಲಿ ತೊಳೆದು ಸ್ಪಿರಿಟ್ಟಿನಲ್ಲಿ ಒರೆಸಿದ ನಂತರ: ಇನ್ನೂರ ಹದಿನಾಲ್ಕು.